ಮೂಗುದಾರದ ಗಾಡಿ

ನನ್ನ ಅತ್ತಿಗೆ ರಯ್ಯಾ ನಲವತ್ತು ವರ್ಷಗಳಿಂದ ಗಾಡಿ ಓಡಿಸುತ್ತಿದ್ದಾಳೆ. ಒಂದು ದಿನವೂ ಡಾಂಬರಿನ ಮೇಲೆ ಚಕ್ರ ಇಟ್ಟವಳಲ್ಲ. ಮರಳು ಮುಗಿದು ರಸ್ತೆ ಶುರುವಾಗುವಲ್ಲಿ, ಪೆಟ್ರೋಲ್ ಬಂಕಿನ ಹಿಂದೆ, ಒಂದು ಗಾಫ್ ಮರವಿದೆ. ಅಲ್ಲಿಯವರೆಗೆ ಅವಳದೇ ಕಾರುಬಾರು. ಅಲ್ಲಿ ಇಳಿದು, ಮೂಗು ಮುಚ್ಚುವ ಮುಖವಾಡದಂಥ ಬುರ್ಖಾ ಸರಿಪಡಿಸಿಕೊಂಡು, ಪಕ್ಕದ ಸೀಟಿಗೆ ಬಂದು ಕೂರುತ್ತಾಳೆ. ನನ್ನ ಅಣ್ಣ ಸುವೈಲಿಂ ಸ್ಟಿಯರಿಂಗ್ ಹಿಡಿಯುತ್ತಾನೆ. ಅವಳ ಬಳಿ ಲೈಸೆನ್ಸ್ ಇಲ್ಲ. ಅದನ್ನು ಯಾರಾದರೂ ಎತ್ತಿ ಆಡಿದರೆ ಅವಳ ಉತ್ತರ ಸಿದ್ಧ: "ಪೊಲೀಸ್ನೋರು ನನ್ನ ಹತ್ರ ಬಂದು ಲೈಸೆನ್ಸ್ ಕೇಳ್ಬೇಕು ಅಂದ್ರೆ, ಮೊದ್ಲು ಅವರ ಗಾಡಿನ ನಾನೇ ಮರಳಿಂದ ಎಳ್ದು ಕೊಡ್ಬೇಕು."

ಹದಿನಾಲ್ಕನೇ ವಯಸ್ಸಿನಲ್ಲಿ ಕಲಿತದ್ದು. ಅವಳಪ್ಪ ಜ್ವರದಲ್ಲಿ ಮಲಗಿದ್ದ, ಆಡುಗಳಿಗೆ ಎರಡು ದಿನದಿಂದ ನೀರಿರಲಿಲ್ಲ. ಸೀಟಿನ ಮೇಲೆ ಅಕ್ಕಿಮೂಟೆ ಇಟ್ಟು ಅದರ ಮೇಲೆ ಕೂತು ಬಾವಿಗೆ ಹೋಗಿ ಬಂದಳು. ಕಾಲು ಪೆಡಲಿಗೆ ಎಟುಕುವಷ್ಟು ಮುಂದೆ ಸರಿದರೆ ಕಣ್ಣಿಗೆ ದಾರಿ ಕಾಣುತ್ತಿರಲಿಲ್ಲವಂತೆ. ದಾರಿ ಕಾಣುವಷ್ಟು ಎತ್ತರ ಕೂತರೆ ಕಾಲು ಎಟುಕುತ್ತಿರಲಿಲ್ಲವಂತೆ. ಹೀಗೆ ಒಮ್ಮೆ ನೋಡಿ, ಒಮ್ಮೆ ಒತ್ತಿ, ಮರಳು ಹೇಗಿದೆಯೆಂಬುದನ್ನು ಕಣ್ಣಿಗಿಂತ ಹೆಚ್ಚಾಗಿ ಬೆನ್ನಿನಿಂದ ತಿಳಿಯುವುದನ್ನು ಕಲಿತಳು. ಬೆಳಗಿನ ಮರಳು ಸಮುದ್ರದ ಇಬ್ಬನಿ ಕುಡಿದು ಗಟ್ಟಿಯಾಗಿರುತ್ತದೆ. ಬಿಸಿಲು ಮಾರುದ್ದ ಏರಿದರೆ ಅದು ಹಿಟ್ಟು. ನಡುಹಗಲಲ್ಲಿ ಅದು ನೀರು. ಇಷ್ಟೆಲ್ಲ ಅವಳಿಗೆ ಸೀಟಿನ ಮೂಲಕ ಗೊತ್ತಾಗುತ್ತದೆ.

ಈ ಚಳಿಗಾಲದಲ್ಲಿ ಹಳೆಯ ಗಾಡಿ ಇಪ್ಪತ್ತಾರು ವರ್ಷ ದುಡಿದು ಬಾವಿಯ ದಾರಿಯಲ್ಲಿಯೇ ಪ್ರಾಣ ಬಿಟ್ಟಿತು. ಅಣ್ಣ ಇನ್ನೊಂದು ಪಿಕಪ್ ತಂದ. ನಮಗೆ ಅದು ಹೊಸದು, ಇನ್ಯಾರಿಗೋ ಹಳೆಯದು. ಅದರಲ್ಲಿ ಸ್ಟಿಯರಿಂಗಿನ ಎಡಕ್ಕೆ ಒಂದು ಗುಂಡಿ. ಅದರ ಮೇಲೆ ಜಾರುವ ಕಾರಿನ ಚಿತ್ರ. ಟ್ರ್ಯಾಕ್ಷನ್ ಕಂಟ್ರೋಲ್ ಅಂತ ಅಣ್ಣ ಹೇಳಿದ. ಚಕ್ರ ಸ್ವಲ್ಪ ಜಾರಿತೆಂದರೆ ಗಾಡಿ ತಾನೇ ಹೆದರಿ ಎಂಜಿನ್ನಿನ ಕೊರಳು ಅಮುಕುತ್ತದೆ, ಜಾರುವ ಚಕ್ರಕ್ಕೆ ಬ್ರೇಕು ಬಿಗಿಯುತ್ತದೆ. ಮಳೆ ಬಿದ್ದ ಡಾಂಬರಿನಲ್ಲಿ ಅದು ಜೀವ ಉಳಿಸುವ ಬುದ್ಧಿ. ಆದರೆ ಮರಳಿನ ಏರಿಯನ್ನು ಚಕ್ರ ಜಾರಿಸಿಕೊಂಡೇ ಹತ್ತಬೇಕು. ಅಲ್ಲಿ ಅದೇ ಬುದ್ಧಿ ಗಾಡಿಯನ್ನು ಹೂತುಹಾಕುತ್ತದೆ.

ರಯ್ಯಾ ಮೊದಲನೆಯ ದಿನವೇ ಅದಕ್ಕೆ 'ಮೂಗುದಾರ' ಎಂದು ಹೆಸರಿಟ್ಟಳು. ಗುಂಡಿಯನ್ನು ಒಮ್ಮೆ ಚುಟುಕಾಗಿ ಒತ್ತಿದರೆ ಸ್ಟಿಯರಿಂಗಿನ ಮುಂದಿನ ಹಲಗೆಯ ಮೇಲೆ ಒಂದು ಹಳದಿ ದೀಪ: ಮೂಗುದಾರ ಅರ್ಧ ಬಿಚ್ಚಿದಂತೆ. ಆಮೇಲೆ ಎಂಜಿನ್ನನ್ನು ಅಮುಕುವುದಿಲ್ಲ, ಆದರೆ ಜಾರುವ ಚಕ್ರಕ್ಕೆ ಬ್ರೇಕು ಹಾಕುತ್ತದೆ. ಗಾಡಿ ನಿಲ್ಲಿಸಿ, ಮೂರು ಸಲ ಬಿಸ್ಮಿಲ್ಲಾ ಹೇಳುವಷ್ಟು ಹೊತ್ತು ಒತ್ತಿ ಹಿಡಿದರೆ ಎರಡು ದೀಪ: ಪೂರ್ತಿ ಬಿಚ್ಚಿದಂತೆ. "ಅರ್ಧ ಬಿಚ್ಚಿದ ಹಗ್ಗ ಯಾರಿಗ್ ಬೇಕೇ?" ಎಂದು ಅವಳು ಯಾವಾಗಲೂ ಎರಡು ದೀಪವನ್ನೇ ಹಚ್ಚುತ್ತಿದ್ದಳು. ಒಂದು ಮಾತ್ರ ನೆನಪಿಡಬೇಕು ಅಂತ ಅಣ್ಣ ಹೇಳಿದ್ದ. ಎಂಜಿನ್ ಆರಿಸಿದರೆ ಗಾಡಿ ಎಲ್ಲ ಮರೆಯುತ್ತದೆ. ಮತ್ತೆ ಚಾಲೂ ಮಾಡಿದಾಗ ತಾನೇ ಮೂಗುದಾರ ತೊಟ್ಟು ನಿಂತಿರುತ್ತದೆ.

ಆ ದಿನ ಬೆಳಕು ಹರಿಯುವ ಮೊದಲು ಸಂಹಾ ಸತ್ತ ಮರಿಯನ್ನು ಹೆತ್ತಳು.

ಸಂಹಾ ರಯ್ಯಾಳ ಒಂಟೆ. ತವರಿನಿಂದ ಬಂದ ತಳಿಯಲ್ಲಿ ಉಳಿದಿದ್ದವಳು ಅವಳೊಬ್ಬಳೇ. ವಯಸ್ಸಾಗಿತ್ತು, ಇನ್ನೊಮ್ಮೆ ಗಬ್ಬ ಕಟ್ಟುವುದು ಸಂಶಯ. ಮರಿಯ ಕಾಲು ಹಿಡಿದು ಎಳೆದವಳು ರಯ್ಯಾಳೇ. ಎಳೆದು ಮರಳಿನ ಮೇಲೆ ಮಲಗಿಸಿ, ಮೂಗಿನೊಳಗೆ ಊದಿ, ಎದೆ ತಿಕ್ಕಿ, ಕೊನೆಗೆ ಕೈ ಬಿಟ್ಟಳು. ಸಂಹಾ ಮರಿಯನ್ನು ಮೂಸುತ್ತ ಗಂಟಲಿನಲ್ಲಿ ಸಣ್ಣಗೆ ಗುನುಗತೊಡಗಿದಳು. ಅವಳ ಕೆಚ್ಚಲು ಬಿಗಿದು ಹೊಳೆಯುತ್ತಿತ್ತು.

"ಅಲ್ಯಾಳ ಮನೇಲಿ ತಾಯಿ ಸತ್ತ ಮರಿ ಇದ್ಯಲ್ಲ," ಎಂದಳು ರಯ್ಯಾ. "ಇನ್ನೂ ಜೀವ ಇಟ್ಕೊಂಡಿದ್ಯಾ ಅದು?"

"ನಿನ್ನೆ ಸಂಜೆವರೆಗೂ ಇತ್ತಂತೆ," ಎಂದ ಅಣ್ಣ. "ಬಾಟ್ಲೀಲಿ ಆಡಿನ ಹಾಲು ಕುಡಿಸ್ತಿದಾರೆ. ಭೇದಿ ಹತ್ತಿದ್ಯಂತೆ."

"ನೀನು ಇದರ ಚರ್ಮ ಸುಲಿ. ಸಂಹಾಗೆ ಕಾಣದ ಹಾಗೆ. ಚರ್ಮ ಒಣಗೋಕೆ ಬಿಡ್ಬೇಡ, ಅವಳ ಮೂಗಿಂದ ದೂರ ಹೋಗೋಕೂ ಬಿಡ್ಬೇಡ. ನಾನು ಆ ಮರಿ ತರ್ತೀನಿ."

ಇದು ನಮ್ಮಲ್ಲಿ ಹಿಂದಿನಿಂದ ನಡೆದುಬಂದದ್ದು. ಸತ್ತ ಮರಿಯ ಚರ್ಮವನ್ನು ಅನಾಥ ಮರಿಗೆ ಹೊದಿಸಿ ತಾಯಿಯ ಮುಂದೆ ನಿಲ್ಲಿಸುತ್ತಾರೆ. ವಾಸನೆ ಹಸಿಯಾಗಿದ್ದರೆ ತಾಯಿ ಒಪ್ಪುತ್ತದೆ. ಚರ್ಮ ಒಣಗಿತೋ, ತಾಯಿಗೆ ಒಮ್ಮೆ ಬೇಸರ ಹುಟ್ಟಿ ಬೆನ್ನು ತಿರುಗಿಸಿತೋ, ಆಮೇಲೆ ಯಾವ ಮರಿಯನ್ನೂ ಹತ್ತಿರ ಸೇರಿಸುವುದಿಲ್ಲ, ಹಾಲು ಬತ್ತುತ್ತದೆ. ನಡುಹಗಲಿನ ತನಕ ಅವಧಿ ಎಂದು ರಯ್ಯಾ ಅಂದಾಜು ಹಾಕಿದಳು.

ಅಲ್ಯಾಳ ಬೀಡು ಪೂರ್ವದ ಕಣಿವೆಯಲ್ಲಿ. ನಡುವೆ ದೊಡ್ಡ ಏರಿ, ಉತ್ತರದಿಂದ ದಕ್ಷಿಣಕ್ಕೆ ಮಲಗಿದ ಮರಳಿನ ಬೆಟ್ಟ. ಅದರ ತುದಿ ಸುತ್ತಿ ಹೋದರೆ ಮೂರು ಗಂಟೆ. ದಾಟಿ ಹೋದರೆ ಮುಕ್ಕಾಲು ಗಂಟೆ. ರಯ್ಯಾಳೂ ನಾನೂ ದಾಟಿ ಹೋದೆವು. ಟೈರುಗಳ ಗಾಳಿಯನ್ನು ರೊಟ್ಟಿಯ ಹಿಟ್ಟಿನಂತೆ ಹರಡಿಕೊಳ್ಳುವವರೆಗೆ ಬಿಟ್ಟು, ಎರಡು ದೀಪ ಹಚ್ಚಿಕೊಂಡು, ಇಬ್ಬನಿ ಕುಡಿದ ಮರಳಿನ ಮೇಲೆ ರಯ್ಯಾ ಗಾಡಿಯನ್ನು ಹಾಡಿನಂತೆ ತೆಗೆದುಕೊಂಡು ಹೋದಳು.

ಅಲ್ಯಾ ವಿಧವೆ, ದೊಡ್ಡ ಗಂಟಲಿನವಳು. ಮರಿಯನ್ನು ತನ್ನ ಹೊದಿಕೆಯೊಳಗೇ ಇಟ್ಟುಕೊಂಡು ಕೂತಿದ್ದಳು.

"ತಗೊಂಡ್ ಹೋಗೇ ತಾಯಿ. ಮೂರು ದಿನದಿಂದ ನನ್ನ ಮೈಯೆಲ್ಲ ಹೇಲು ಮಾಡಿದೆ. ಬದುಕಿದ್ರೆ ನಿನ್ನದು."

"ಬದುಕಿದ್ರೆ ಅದರ ಮೊದಲನೇ ಹೆಣ್ಣುಮರಿ ನಿನ್ನದು," ಎಂದಳು ರಯ್ಯಾ.

"ಕಾಫಿ ಕುಡಿ."

"ಹೊತ್ತಿಲ್ಲ ಅಲ್ಯಾ."

"ಒಂದ್ ಲೋಟ ಕುಡೀದೆ ಹೋದ್ರೆ ನಾನು ಮರೀನ ಬಿಡಲ್ಲ ನೋಡು."

ಒಂದು ಲೋಟ ಕುಡಿದು, ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು, ಬೀಜವನ್ನು ಉಗುಳಿಕೊಂಡೇ ಎದ್ದಳು. ನಾನು ಗಾಡಿಯ ಹಿಂದಿನ ತೆರೆದ ತೊಟ್ಟಿಗೆ ಹತ್ತಿದೆ. ಮರಿಯ ಮೊಣಕಾಲು ಮಡಿಸಿ ಕಟ್ಟಿ, ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಬಾಯಿಗೆ ಬೆರಳಿಟ್ಟೆ. ಚೀಪಿತು. ನಾಲಿಗೆ ತಣ್ಣಗಿದ್ದರೂ ಚೀಪುವ ಶಕ್ತಿ ಇನ್ನೂ ಇತ್ತು.

"ಚೀಪ್ತಿದ್ಯಾ?" ಎಂದು ರಯ್ಯಾ ಕಿಟಕಿಯಿಂದ ಕೂಗಿದಳು.

"ಚೀಪ್ತಿದೆ."

"ನಿಂತ್ರೆ ಹೇಳು ಗನೀಮಾ."

ಏರಿಯ ಬುಡಕ್ಕೆ ಇನ್ನೇನು ಬರಬೇಕು, ಎದುರಿನಿಂದ ಬಖೀತ್ ಅಜ್ಜನ ಗಾಡಿ ಬಂತು.

ಬಖೀತ್ ಅಜ್ಜನಿಗೆ ಎಂಬತ್ತು ದಾಟಿದೆ. ನಮ್ಮ ಕಡೆಯ ಹಿರಿಯ. ಮರಳಿನಲ್ಲಿ ಹಿರಿಯರು ಎದುರಾದರೆ ನಿಲ್ಲಬೇಕು. ನಿಂತು, ಎಂಜಿನ್ ಆರಿಸಿ, ಸಮಾಚಾರ ಕೇಳಬೇಕು, ಹೇಳಬೇಕು. ಒಂಟೆಯ ಮೇಲೆ ಓಡಾಡುತ್ತಿದ್ದ ಕಾಲದಲ್ಲಿ ಒಂಟೆಯನ್ನು ಮಂಡಿಯೂರಿಸಿ ಇಳಿದು ಮಾತಾಡುತ್ತಿದ್ದರು. ಈಗ ಎಂಜಿನ್ ಆರಿಸುವುದೇ ಮಂಡಿಯೂರಿಸುವುದು. ಗುರುಗುಡುವ ಎಂಜಿನ್ನಿನ ಮೇಲೆ ಕೂತು ಹಿರಿಯರಿಗೆ ಸಲಾಂ ಹೇಳಿದರೆ 'ಬೇಗ ಮುಗಿಸು ಮುದುಕಾ' ಎಂದಂತೆ. ಮನೆಯಲ್ಲಿ ಹೆಣವಿದ್ದರೂ ರಯ್ಯಾ ಆ ಮಾತು ಆಡುವವಳಲ್ಲ. ಕೀಲಿ ತಿರುಗಿಸಿದಳು. ಗಾಡಿ ಸುಮ್ಮನಾಯಿತು.

"ಸಲಾಂ ಅಲೈಕುಂ ಮಗಳೇ. ಏನು ಸಮಾಚಾರ?"

"ವಾಲೈಕುಂ ಸಲಾಂ ಅಜ್ಜಾ. ಸಮಾಚಾರ ಏನಿಲ್ಲ, ಎಲ್ಲ ಒಳ್ಳೇದೇ. ನಿಮ್ಮ ಕಡೆ?"

"ನಮ್ಮ ಕಡೇನೂ ಒಳ್ಳೇದೇ. ಸುವೈಲಿಂ ಚೆನ್ನಾಗಿದಾನಾ?"

"ಅಲ್‌ಹಮ್ದುಲಿಲ್ಲಾ."

"ಆಡುಗಳು?"

"ಚೆನ್ನಾಗಿವೆ."

"ಒಂಟೆಗಳು?"

ಹಿಂದಿನಿಂದ ಅವಳ ಬೆರಳುಗಳು ನನಗೆ ಕಾಣುತ್ತಿದ್ದವು. ಬಾಗಿಲಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಮೊದಲು ಎಲ್ಲ ಒಳ್ಳೆಯದು ಎನ್ನಬೇಕು, ಎರಡನೆಯ ಸುತ್ತಿನಲ್ಲಿ ಕೆಟ್ಟದ್ದು ಹೇಳಬೇಕು, ಅದು ಕ್ರಮ. ಅವಳು ಕ್ರಮ ತಪ್ಪಲಿಲ್ಲ. "ಚೆನ್ನಾಗಿವೆ ಅಜ್ಜಾ," ಎಂದು, ಉಸಿರು ಎಳೆದುಕೊಂಡು, "ಸಂಹಾ ಮರಿ ಹೋಯ್ತು. ಬೆಳಗ್ಗೆ," ಎಂದಳು.

ಅಜ್ಜ ತಲೆ ಅಲ್ಲಾಡಿಸಿದ. ಇಳಿದು ಬಂದು ನನ್ನ ತೊಡೆಯ ಮೇಲಿದ್ದ ಮರಿಯ ಕಿವಿಯನ್ನು ಮುಟ್ಟಿ ನೋಡಿದ. "ಇದನ್ನ ಸಂಹಾಗೆ ಕೂಡಿಸ್ತೀಯಾ?"

"ಹೂಂ."

"ಮತ್ತೆ ಇಲ್ಲಿ ಏನ್ ಮಾಡ್ತಾ ನಿಂತಿದೀಯೇ, ಹುಚ್ಚಿ?"

"ನಿಮಗೆ ಸಲಾಂ ಹೇಳ್ತಾ ನಿಂತಿದೀನಿ ಅಜ್ಜಾ."

ಅವನು ನಕ್ಕ. ಹಲ್ಲಿಲ್ಲದ ಬಾಯಿ. "ಬೆಳಗ್ಗೆ ನೀನು ಬಂದ ದಾರೀಲಿ ಹೋಗ್ಬೇಡ. ಅಲ್ಲಿ ಗಾಳಿ ಎದ್ದಿದೆ, ತುದಿ ಕಡ್ದು ಹೋಗಿ ಗೋಡೆ ಹಾಗ್ ನಿಂತಿದೆ. ಬಡಗಣ ಕಡೆ ತಗ್ಗು ಇದ್ಯಲ್ಲ, ಒಣಗಿದ ಗಾಫ್ ಎದುರಿಗೆ, ಅಲ್ಲಿ ಹತ್ತು. ಇಲ್ಲಾ ಅಂದ್ರೆ ಸುತ್ಕೊಂಡು ಹೋಗು. ನಿನ್ ಹೊಸ ಗಾಡೀಗೆ ಬುದ್ಧಿ ಜಾಸ್ತಿ ಅಂತಾರೆ, ತಾನೇ ಓಡುತ್ತಂತಲ್ಲ?"

"ಬುದ್ಧಿ ಜಾಸ್ತಿ ಆಗಿದ್ದಕ್ಕೇ ಕಷ್ಟ ಅಜ್ಜಾ."

ಅವಳು ಗಾಡಿ ಚಾಲೂ ಮಾಡಿದಳು. ಅವಳ ಮನಸ್ಸು ಆಗಲೇ ಬಡಗಣ ತಗ್ಗಿನಲ್ಲಿತ್ತು: ಎಲ್ಲಿಂದ ಓಟ ಹಿಡಿಯಬೇಕು, ಎಲ್ಲಿ ಮರಳಿನ ಬಣ್ಣ ಬದಲಾಗುತ್ತದೆ. ನಾನು ಹಿಂದೆ ಇದ್ದೆ. ಹಲಗೆಯ ದೀಪಗಳು ಕೂತಲ್ಲಿಂದ ನನಗೆ ಕಾಣುವಂತಿರಲಿಲ್ಲ. ಕಂಡಿದ್ದರೂ ಹೇಳುತ್ತಿದ್ದೆನೋ ಇಲ್ಲವೋ. ಹಳೆಯ ಗಾಡಿಯಲ್ಲಿ ನೂರು ಸಲ ಹೀಗೆ ನಿಂತಿದ್ದೇವೆ, ನೂರು ಸಲ ಹೊರಟಿದ್ದೇವೆ.

ಒಣಗಿದ ಗಾಫ್ ಮರದ ಬಳಿ ಗಟ್ಟಿ ನೆಲವಿತ್ತು. ಅಲ್ಲಿಂದ ಅವಳು ಓಟ ಹಿಡಿದಳು. ನಾನು ಒಂದು ಕೈಯಲ್ಲಿ ಮರಿಯನ್ನು, ಇನ್ನೊಂದರಲ್ಲಿ ಕಂಬಿಯನ್ನು ಹಿಡಿದೆ. ಏರಿಯ ಮೊದಲ ಮಡಿಕೆ ನಮ್ಮ ಕೆಳಗೆ ಸರಿಯಿತು. ಎರಡನೆಯದೂ ಸರಿಯಿತು. ಮೂರನೆಯದರಲ್ಲಿ ಮರಳಿನ ಬಣ್ಣ ತೆಳುವಾಯಿತು. ಇನ್ನು ಎಂಜಿನ್ ಕಿರುಚಬೇಕು, ಚಕ್ರಗಳು ಮರಳು ಎರಚುತ್ತ ಮೇಲೇರಬೇಕು. ಆ ಕಿರುಚಿಗೆ ನಾನು ಕಿವಿಗೊಟ್ಟು ಕಾಯುತ್ತಿದ್ದೆ.

ಎಂಜಿನ್ ಕಿರುಚಲಿಲ್ಲ. ಯಾರೋ ಬಾಯಿಗೆ ಬಟ್ಟೆ ತುರುಕಿದಂತೆ ಗೊರಗೊರ ಎಂದಿತು. ಅವಳು ಪೆಡಲನ್ನು ನೆಲಕ್ಕೆ ಒತ್ತಿದ್ದಾಳೆ; ಗಾಡಿ ಮಾತ್ರ ಉಸಿರು ಬಿಗಿಹಿಡಿದಿದೆ. ಒಂದು ಮಾರು. ಅರ್ಧ ಮಾರು. ನಿಂತಿತು.

"ಅಯ್ಯೋ ನನ್ನ ತಲೆ ಮಣ್ಣಾಗ!" ಎಂದು ಅವಳು ಕೂಗಿದ್ದು ಕೇಳಿಸಿತು. "ಮೂಗುದಾರ! ಹಾಕ್ಕೊಂಡೇ ಹತ್ತಿದೀನಿ!"

ಏರಿಯಲ್ಲಿ ನಿಂತ ಗಾಡಿಯನ್ನು ತಿರುಗಿಸಬಾರದು. ತಿರುಗಿಸಿದರೆ ಅಡ್ಡಬಿದ್ದು ಉರುಳುತ್ತದೆ. ಬಂದ ಗಾಲಿಗುರುತಿನಲ್ಲೇ ನೇರ ಹಿಂದಕ್ಕೆ ಇಳಿಯಬೇಕು. ಅವಳು ಹಿಂದಕ್ಕೆ ಇಳಿಸತೊಡಗಿದಳು. ಆದರೆ ಬಿಸಿಲಿಗೆ ಮರಳು ಕರಗಿತ್ತು. ಬಲಗಡೆಯ ಹಿಂಚಕ್ರ ಗುರುತನ್ನು ಬಿಟ್ಟು ಪಕ್ಕದ ಬೋಗುಣಿಯಂಥ ಗುಳಿಗೆ ಜಾರಿತು. ಗಾಡಿ ಓಲಿತು. ಎಡಗಡೆಯ ಮುಂಚಕ್ರ ನೆಲ ಬಿಟ್ಟು ಮೇಲೆದ್ದಿತು. ನಾನೂ ಮರಿಯೂ ಬಲಕ್ಕೆ ಉರುಳಿ ತೊಟ್ಟಿಯ ಪಕ್ಕದ ಹಲಗೆಗೆ ಬಡಿದೆವು.

"ಗನೀಮಾ! ಎಡಕ್ಕೆ ಬಾ! ನಿಧಾನ! ಮರೀನ ಬಿಡ್ಬೇಡ!"

ಮರಿಯನ್ನು ಎದೆಗೆ ಅವಚಿಕೊಂಡು, ಮೊಣಕಾಲಿನ ಮೇಲೆ ತೆವಳುತ್ತ ಎತ್ತರದ ಕಡೆಗೆ ಬಂದು ಎಡಗಂಬಿಯ ಮೇಲೆ ಮೈಭಾರ ಹಾಕಿದೆ. ಗಾಡಿ ಒಮ್ಮೆ ನರಳಿ, ಸ್ವಲ್ಪ ಹಿಂದಕ್ಕೆ ಕೂತು, ಸುಮ್ಮನಾಯಿತು. ಕೆಳಗೆ ಇಳಿಜಾರು ಉದ್ದಕ್ಕೆ ಬಿದ್ದಿತ್ತು. ಮರಳು ಸಣ್ಣಗೆ ಹರಿಯುವ ಸದ್ದು ಕೇಳಿಸುತ್ತಿತ್ತು.

"ಅತ್ತಿಗೇ, ಉರುಳ್ತೀವಾ?"

"ನೀನು ಬೆಳಗ್ಗೆ ಇನ್ನೊಂದು ರೊಟ್ಟಿ ತಿಂದಿದ್ರೆ ಭಾರ ಸರಿಹೋಗ್ತಿತ್ತು. ಅಲ್ಲೇ ಕೂತಿರು. ಮರಿ?"

ಬಾಯಿಗೆ ಬೆರಳಿಟ್ಟೆ. ಒಂದು ಸಲ ಚೀಪಿ ಬಿಟ್ಟಿತು. "ಸ್ವಲ್ಪ," ಎಂದೆ.

ಅವಳು ಕಿಟಕಿಯಿಂದ ಇಳಿದಳು. ಬಾಗಿಲು ತೆರೆದರೆ ಭಾರ ಸರಿದೀತೆಂಬ ಭಯ. ಸುತ್ತ ನೋಡಿದಳು. ಊಟದ ದೊಡ್ಡ ತಟ್ಟೆಯನ್ನು ಸೀಟಿನ ಹಿಂದಿನಿಂದ ಎಳೆದು ಬಲ ಹಿಂಚಕ್ರದ ಮುಂದಿನ ಮರಳನ್ನು ತೋಡಿದಳು. ತೋಡಿದಷ್ಟು ಮತ್ತೆ ತುಂಬಿಕೊಳ್ಳುತ್ತಿತ್ತು; ಒಂದು ಗಂಟೆಗೂ ಮೇಲೆ ಹೀಗೇ ಹೋಯಿತು. ಅವಳ ಕೈ ಸುಟ್ಟುಕೊಳ್ಳುತ್ತಿರುವುದು ಅವಳು ಬೆರಳು ಕೊಡಹುವುದರಿಂದ ತಿಳಿಯುತ್ತಿತ್ತು. ಒಮ್ಮೆ ಆಕಾಶ ನೋಡಿದಳು. ಹನ್ನೊಂದಾಗಿರಬೇಕು.

ಮತ್ತೆ ಒಳಗೆ ಹೋಗಿ ಗುಂಡಿ ಒತ್ತಿ ಹಿಡಿದಳು. "ಬಿಸ್ಮಿಲ್ಲಾ, ಬಿಸ್ಮಿಲ್ಲಾ, ಬಿಸ್ಮಿಲ್ಲಾ." ಎರಡು ದೀಪ ಬಂದವೆಂದು ಕೂಗಿ ಹೇಳಿದಳು. ನಾಲ್ಕು ಚಕ್ರಕ್ಕೂ ಬಲ ಕೊಟ್ಟು ಮೆಲ್ಲನೆ ಒತ್ತಿದಳು. ಎಡಗಡೆಯ ಮುಂಚಕ್ರ ಗಾಳಿಯಲ್ಲಿ ಗರಗರ ತಿರುಗಿತು. ಗುಳಿಯಲ್ಲಿದ್ದ ಬಲಗಡೆಯ ಹಿಂಚಕ್ರವೂ ತಿರುಗಿ ಇನ್ನಷ್ಟು ಕೆಳಗೆ ಹೋಯಿತು. ನೆಲ ಹಿಡಿದಿದ್ದ ಎರಡು ಚಕ್ರಗಳು ಮಾತ್ರ ಕಲ್ಲಿನಂತೆ ನಿಂತಿದ್ದವು. ಗಾಡಿ ಒಂದು ಬೆರಳಷ್ಟು ವಾಲಿತು.

ತಕ್ಷಣ ಕಾಲು ತೆಗೆದಳು.

ಆಗ ಅವಳು ಮಾಡಿದ್ದನ್ನು ನಾನು ಮರೆಯಲಾರೆ. ಏನೂ ಮಾಡಲಿಲ್ಲ. ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಳು. ಬಿಸಿಲು ಏರುತ್ತಿದೆ, ಆಚೆ ಚರ್ಮ ಒಣಗುತ್ತಿದೆ, ನನ್ನ ಕೈಯಲ್ಲಿ ಮರಿಯ ಕೊರಳು ಭಾರವಾಗುತ್ತಿದೆ. ನನಗೆ ಕೂಗಬೇಕೆನಿಸಿತು. ಕೊನೆಗೆ ಕೂಗಿಯೇಬಿಟ್ಟೆ.

"ಏನಾದ್ರೂ ಮಾಡೇ ಮಾರಾಯ್ತಿ!"

"ಬಾಯ್ಮುಚ್ಚು ಹುಡುಗಿ. ಯೋಚ್ನೆ ಮಾಡ್ತಿದೀನಿ." ಆಮೇಲೆ, ತನಗೆ ತಾನೇ ಹೇಳಿಕೊಳ್ಳುವಂತೆ: "ಗಾಳೀಲಿರೋ ಕಾಲು ಒದರ್ತಿದೆ. ಅದನ್ನ ಯಾರಾದ್ರೂ ಹಿಡ್ಕೊಂಡ್ರೆ ನೆಲದಲ್ಲಿರೋ ಕಾಲಿಗೆ ಬಲ ಬರುತ್ತೆ. ಹಾಲು ಕರೆಯುವಾಗ ಹಿಂಗಾಲು ಹಿಡ್ಕೊಳಲ್ವಾ, ಹಾಗೆ. ಯಾರು ಹಿಡ್ಕೊಳ್ತಾರೆ?"

"ನಾನು ಇಳೀಲಾ?"

"ನೀನಲ್ವೇ. ಈ ಮುಂಡೇದೇ ಹಿಡ್ಕೊಳುತ್ತೆ. ಅದರ ಕೆಲ್ಸಾನೇ ಅದು."

ಎಂಜಿನ್ ಆರಿಸಿ ಮತ್ತೆ ಹಚ್ಚಿದಳು. ಮೂಗುದಾರ ಮತ್ತೆ ಬಿಗಿಯಿತು. ಈ ಸಲ ಗುಂಡಿಯನ್ನು ಚುಟುಕಾಗಿ ಒಮ್ಮೆ ಒತ್ತಿದಳು. ಒಂದೇ ದೀಪ. ಎರಡು ತಿಂಗಳಲ್ಲಿ ಅವಳು ಒಂದು ದಿನವೂ ಬಳಸದೆ ಬಿಟ್ಟಿದ್ದ ಅರ್ಧ ಹಗ್ಗ.

ಕಾಲನ್ನು ಮೆಲ್ಲನೆ ಒತ್ತಿದಳು. ಗಾಳಿಯಲ್ಲಿದ್ದ ಚಕ್ರ ತಿರುಗತೊಡಗಿತು. ಮರುಗಳಿಗೆಯಲ್ಲೇ ಗಾಡಿಯ ಹೊಟ್ಟೆಯೊಳಗಿಂದ ಕಟಕಟ, ಕಟಕಟ ಎಂದು ಮೂಳೆ ಮುರಿಯುವಂಥ ಸದ್ದು ಬಂತು. ಆ ಸದ್ದಿಗೆ ಯಾರಾದರೂ ಕಾಲು ತೆಗೆಯುತ್ತಾರೆ. ಗಾಡಿ ಒಡೆಯಿತೆಂದು ಹೆದರುತ್ತಾರೆ. ನಾನೇ "ನಿಲ್ಸು!" ಎಂದೆ. ಅವಳು ತೆಗೆಯಲಿಲ್ಲ. ಒತ್ತಿದ್ದನ್ನು ಹೆಚ್ಚಿಸಲೂ ಇಲ್ಲ, ಇಳಿಸಲೂ ಇಲ್ಲ. ಮಗುವಿನ ನೆತ್ತಿಯ ಮೇಲೆ ಕೈಯಿಟ್ಟಂತೆ ಇಟ್ಟುಕೊಂಡಳು. ಮೇಲಿನ ಚಕ್ರ ತಡೆದು ತಡೆದು ನಿಂತಿತು. ಕೆಳಗೆ, ಬಲಗಡೆಯ ಮುಂಚಕ್ರ ಒಂದು ಅಂಗುಲ ಅಲುಗಿತು. ಕಟಕಟ. ಇನ್ನೊಂದು ಅಂಗುಲ. ಎಡಗಡೆಯ ಹಿಂಚಕ್ರ ಮರಳನ್ನು ಕಚ್ಚಿತು. ಗಾಡಿ ಮುಂದಕ್ಕೆ ತೆವಳಿ, ಗುಳಿಯ ಅಂಚಿಗೆ ಬಂದು, ಒಮ್ಮೆ ತೂಗಾಡಿ, ನಾಲ್ಕೂ ಚಕ್ರ ಊರಿ ನಿಂತಿತು.

ನಾನು ಅಳುತ್ತಿದ್ದೆ. ಅವಳು ಆಗಲೇ ಹಿಂದಕ್ಕೆ ಇಳಿಸತೊಡಗಿದ್ದಳು, ಈ ಸಲ ಗುರುತಿನ ಮೇಲೆ, ಕನ್ನಡಿ ನೋಡದೆ, ಕಿಟಕಿಯಿಂದ ಕುತ್ತಿಗೆ ಹೊರಹಾಕಿ.

ಗಾಫ್ ಮರದ ಬುಡದಲ್ಲಿ ನಿಲ್ಲಿಸಿ ಗುಂಡಿ ಒತ್ತಿ ಹಿಡಿದಳು. "ಗನೀಮಾ, ಬಗ್ಗಿ ನೋಡು, ಎಷ್ಟು ದೀಪ?"

ಹಿಂಗಾಜಿನಿಂದ ಹಣುಕಿದೆ. "ಎರಡು."

"ಇನ್ನೊಂದ್ ಸಲ ನೋಡು."

"ಎರಡು ಅಂದ್ನಲ್ಲ!"

"ಈಗ ಎದುರಿಗೆ ಪ್ರವಾದಿಗಳೇ ಬಂದ್ರೂ ನಾನು ಎಂಜಿನ್ ಆರ್ಸಲ್ಲ," ಎಂದಳು. ಹಾಗೆಂದ ಕೂಡಲೇ ನಾಲಿಗೆ ಕಚ್ಚಿಕೊಂಡು ತೌಬಾ ತೌಬಾ ಎಂದು ಕೆನ್ನೆ ಬಡಿದುಕೊಂಡಳು. ಓಟ ಹಿಡಿದಳು.

ಈ ಸಲ ಎಂಜಿನ್ ಕಿರುಚಿತು. ಮೂರನೆಯ ಮಡಿಕೆಯಲ್ಲಿ ಗಾಡಿ ಹಾವಿನಂತೆ ಹೊರಳಿತು, ಬಾಲ ಬೀಸಿತು, ಮರಳು ನನ್ನ ಮುಖಕ್ಕೆ ರಪ್ಪನೆ ಹೊಡೆಯಿತು. ಅವಳು ಸ್ಟಿಯರಿಂಗನ್ನು ಆಚೆ ಈಚೆ ಸಣ್ಣಗೆ ತೂಗುತ್ತ, ಮರಳು ಕೊಟ್ಟಷ್ಟೇ ತೆಗೆದುಕೊಳ್ಳುತ್ತ, ಎಲ್ಲೂ ಕಾಲು ಸಡಿಲಿಸದೆ ಏರಿದಳು. ಮರಿಯ ತಲೆಯನ್ನು ಹೊದಿಕೆಯೊಳಗೆ ಸುತ್ತಿ ಕಣ್ಣು ಮುಚ್ಚಿದೆ. ಮೈ ಹಗುರವಾಯಿತು. ಕಣ್ಣು ಬಿಟ್ಟರೆ ತುದಿ. ಎರಡು ಕಡೆಯೂ ಆಕಾಶ.

ನಮ್ಮ ಬೀಡು ಬಿಟ್ಟರೆ ಈ ತುದಿಯಲ್ಲಿ ಮಾತ್ರ ನಮಗೆ ಫೋನು ಸಿಗುವುದು. ಸಿಕ್ಕಿದ್ದೇ ತಡ ಬಡಿದುಕೊಂಡಿತು. ಅಣ್ಣ. ಅವಳು ಓಡಿಸುತ್ತಲೇ ಫೋನನ್ನು ಹಿಂದಿನ ಕಿಂಡಿಯಿಂದ ನನ್ನ ಕೈಗೆ ಕೊಟ್ಟಳು.

"ಎಲ್ಲಿದೀರಾ? ಚರ್ಮಕ್ಕೆ ನೀರು ಚಿಮುಕಿಸಿ ಸಾಕಾಯ್ತು. ಸಂಹಾ ಬೆನ್ನು ತಿರುಗಿಸಿದಾಳೆ. ಎರಡು ಸಲ ಎದ್ದು ಹೊರಟ್ಳು, ಹಗ್ಗ ಹಿಡ್ಕೊಂಡು ಕೂತಿದೀನಿ."

ಅಣ್ಣ ಹೇಳಿದ್ದನ್ನು ನಾನು ರಯ್ಯಾಳಿಗೆ ಕೂಗಿ ಹೇಳಿದೆ. ರಯ್ಯಾ ಮುಂದೆ ನೋಡುತ್ತಲೇ, "ಗುನುಗ್ತಿದಾಳಾ ಕೇಳು," ಎಂದಳು.

"ಗುನುಗ್ತಿದಾಳಾ ಅಣ್ಣಾ?"

"ಆಗಾಗ."

"ಹಾಗಾದ್ರೆ ಮರಿ ಆಸೆ ಇನ್ನೂ ಹೋಗಿಲ್ಲ," ಎಂದಳು ಅವಳು, ಮತ್ತು ಇಳಿಜಾರಿನ ಬಾಯಿಗೆ ಗಾಡಿಯನ್ನು ನೇರ ನಿಲ್ಲಿಸಿ, ಬ್ರೇಕು ಮುಟ್ಟದೆ, ಮೊದಲನೇ ಗೇರಿನಲ್ಲಿ ಮರಳಿನ ಜೊತೆಗೇ ಜಾರಿಬಿಟ್ಟಳು.

ಬೀಡು ಮುಟ್ಟಿದಾಗ ನಮ್ಮ ನೆರಳು ನಮ್ಮ ಕಾಲಡಿಯಲ್ಲಿತ್ತು. ಅಣ್ಣ ದೂರದಿಂದಲೇ ಕೈಯೆತ್ತಿ ನಿಧಾನ ಎಂದ. ಗಾಡಿಯನ್ನು ಗುಡಿಸಲಿನ ಮರೆಯಲ್ಲಿ ನಿಲ್ಲಿಸಿ, ಕಾಲಿನ ಕಟ್ಟು ಬಿಚ್ಚಿ ಮರಿಯನ್ನು ಎತ್ತಿಕೊಂಡೆವು. ಅದು ತಲೆ ಎತ್ತುತ್ತಿರಲಿಲ್ಲ. ಬೆರಳಿಟ್ಟರೆ ತುಟಿ ಮಾತ್ರ ಅದುರುತ್ತಿತ್ತು. ಅಣ್ಣ ಚರ್ಮವನ್ನು ಒದ್ದೆ ಗೋಣಿಯಿಂದ ಬಿಚ್ಚಿ ತಂದ. ಅಂಚುಗಳು ಸೆಟೆದಿದ್ದವು, ನಡುವೆ ಇನ್ನೂ ಮೆತ್ತಗಿತ್ತು. ಮೆತ್ತಗಿದ್ದ ಭಾಗ ಬಾಲದ ಕಡೆಗೆ ಬರುವಂತೆ ಮರಿಯ ಬೆನ್ನಿಗೆ ಹೊದಿಸಿ, ಹೊಟ್ಟೆಯ ಕೆಳಗೆ ದಾರ ಕಟ್ಟಿದೆವು. ತಾಯಿ ಮೊದಲು ಮೂಸುವುದು ಅಲ್ಲೇ.

ರಯ್ಯಾ ಮರಿಯನ್ನು ತನ್ನ ಮುಂಗೈಗಳ ಆಧಾರದ ಮೇಲೆ ನಿಲ್ಲಿಸಿಕೊಂಡು, ತಾನು ಬಗ್ಗಿ, ಸಂಹಾಳ ಹಿಂದಿನಿಂದ ಮೆಲ್ಲನೆ ಮುಂದೆ ತಂದಳು.

ಸಂಹಾ ಕುತ್ತಿಗೆ ತಿರುಗಿಸಿದಳು. ಮೂಸಿದಳು. ಬಾಲದ ಬಳಿ ಮೂಗಿನ ಹೊಳ್ಳೆ ಅರಳಿತು. ಗಂಟಲಲ್ಲಿ ಸಣ್ಣ ಗುನುಗು. ಮೂಗು ಬೆನ್ನಿನ ಮೇಲೆ ಸಾಗಿತು, ಭುಜಕ್ಕೆ ಬಂತು, ಚರ್ಮ ಮುಗಿಯುವಲ್ಲಿ, ಬರಿಯ ಕೊರಳಿನ ಬಳಿ, ನಿಂತಿತು. ಗುನುಗು ನಿಂತಿತು. ತಲೆ ಸರಕ್ಕನೆ ಮೇಲೆ ಹೋಯಿತು.

ಅಣ್ಣ ಹಗ್ಗವನ್ನು ಬಿಗಿಯುವುದಕ್ಕೆ ಹೋದ. ರಯ್ಯಾ ಕಣ್ಣಿನಲ್ಲೇ ಬೇಡ ಎಂದಳು. "ಸಡಿಲ ಬಿಡು," ಎಂದು ತುಟಿ ಅಲುಗಿಸಿದಳು. ಹಗ್ಗ ಮರಳಿಗೆ ಬಿತ್ತು. ಈಗ ಸಂಹಾ ಹೊರಟರೆ ಹಿಡಿಯುವವರು ಯಾರೂ ಇಲ್ಲ.

ಸಂಹಾ ಹೊರಡಲಿಲ್ಲ. ಆಕಾಶ ನೋಡುತ್ತ ನಿಂತಳು. ಮರಿ ತನ್ನ ಅದುರುವ ತುಟಿಯನ್ನು ಅವಳ ಮುಂಗಾಲಿಗೆ ಒರೆಸಿತು, ಎದೆಗೆ ಒರೆಸಿತು, ಎಲ್ಲಿಯೂ ಏನೂ ಸಿಗದೆ ರಯ್ಯಾಳ ಮುಂಗೈಗಳ ಮೇಲೆ ಕುಸಿಯಿತು. ಅವಳು ಎತ್ತಿ ಹಿಂಗಾಲುಗಳ ನಡುವೆ ತಂದಳು. ಸಂಹಾ ಹಿಂಗಾಲು ಎತ್ತಿದಳು. ಆ ಕಾಲು ಬಿದ್ದರೆ ಮರಿಯ ತಲೆಯಷ್ಟೇ ಅಲ್ಲ, ರಯ್ಯಾಳ ಪಕ್ಕೆಲುಬೂ ಉಳಿಯುತ್ತಿರಲಿಲ್ಲ. ಅವಳು ಸರಿಯಲಿಲ್ಲ. ಕಾಲು ಗಾಳಿಯಲ್ಲಿ ಎಷ್ಟು ಹೊತ್ತು ಇತ್ತೋ. ಆಮೇಲೆ ಪಕ್ಕಕ್ಕೆ, ಮರಿಗೆ ಜಾಗ ಬಿಟ್ಟಂತೆ, ಮರಳಿಗೆ ಇಳಿಯಿತು.

ರಯ್ಯಾ ಕೆಚ್ಚಲನ್ನು ಒಮ್ಮೆ ಹಿಂಡಿ ಮರಿಯ ತುಟಿಗೆ ಹಳದಿ ಗಿಣ್ಣುಹಾಲು ತಾಗಿಸಿದಳು. ತುಟಿ ಹಿಡಿಯಿತು. ಅವಳು ಕೈಗಳನ್ನು ಒಂದೊಂದಾಗಿ ಹಿಂದಕ್ಕೆ ತೆಗೆದುಕೊಂಡು, ತೆವಳುತ್ತ ಹೊರಬಂದು, ನಮ್ಮ ಕಡೆಗೆ ಬೆನ್ನು ಹಾಕಿ ಮರಳಿನ ಮೇಲೆ ಕೂತುಬಿಟ್ಟಳು. ಅವಳ ಅಂಗೈಗಳು ಬೊಬ್ಬೆ ಬಂದು ಕೆಂಪಾಗಿದ್ದವು. ತಿರುಗಿ ನೋಡಲಿಲ್ಲ.

"ಬಾಯಲ್ಲಿ ಹಿಡ್ಕೊಂಡಿದೆ," ಎಂದೆ.

"ಹಿಡ್ಕೊಳೋದು ಬೇರೆ, ಕುಡಿಯೋದು ಬೇರೆ. ಗಂಟಲು ನೋಡು."

ನಾನು ಹತ್ತಿರ ಹೋದೆ. ಮಂಡಿಯೂರಿ ಕಿವಿ ಇಟ್ಟೆ. ಸಂಹಾಳ ಬಿಸಿ ಉಸಿರು ನನ್ನ ಕತ್ತಿನ ಮೇಲೆ ಬಿದ್ದಿತು, ಅವಳು ಮತ್ತೆ ಗುನುಗತೊಡಗಿದ್ದಳು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಒಂದು ಗುಟುಕು ಇಳಿಯಿತು. ಸ್ವಲ್ಪ ತಡೆದು ಇನ್ನೊಂದು.

"ನುಂಗ್ತಿದೆ ಅತ್ತಿಗೇ."

ರಯ್ಯಾ ಬುರ್ಖಾದ ದಾರ ಬಿಚ್ಚಿ, ಮುಖವನ್ನು ಎರಡೂ ಮೊಣಕೈಗಳ ನಡುವೆ ಹುದುಗಿಸಿಕೊಂಡಳು. ಅಣ್ಣ ಒಂದು ಬಟ್ಟಲಲ್ಲಿ ನೀರು ತಂದು ಅವಳ ಪಕ್ಕದಲ್ಲಿಟ್ಟು, ಅವಳ ಸುಟ್ಟ ಕೈಯೊಂದನ್ನು ಹಿಡಿದು ಅದರಲ್ಲಿ ಅದ್ದಿದ.